ಸರ್ವರು ಮರೆಮಾಚುವ ದೋಷಗಳು

ಜಾಲತಾಣವನ್ನು ತೆರೆದಾಗ ನಮಗೆ ಉತ್ತರವೀಯುವ ಸರ್ವರು ಅನೇಕ ವೇಳೆ ಆ ಉತ್ತರವನ್ನು ತಾನೇ ಸಿದ್ಧಪಡಿಸಿರುವುದಿಲ್ಲ. ರಷ್ಯದ ಇಗೋರ್ ಸಿಸೊಯೆವ್ ಅವರು ರಚಿಸಿ 2004ರಲ್ಲಿ ಪ್ರಕಟಪಡಿಸಿದ ಎಂಜಿನ್‌ಎಕ್ಸ್ ಎಂಬ ಸರ್ವರು ಬಹುಮಟ್ಟಿಗೆ ದ್ವಾರಪಾಲಕನಾಗಿಯೇ ಕೆಲಸಮಾಡುತ್ತದೆ: ಬಂದ ಕೋರಿಕೆಯನ್ನು ಹಿಂದಿರುವ ಯಂತ್ರಗಳಲ್ಲೊಂದಕ್ಕೆ ಒಪ್ಪಿಸಿ, ಅದು ಕೊಟ್ಟುದನ್ನು ನಮಗೆ ತಲಪಿಸುತ್ತದೆ. ಹಿಂದಿನ ಈ ಯಂತ್ರಗಳಿಗೆ ‘ಅಪ್‌ಸ್ಟ್ರೀಮ್’ ಎಂದು ಹೆಸರು. ಅವುಗಳಿಂದ ಯೋಗ್ಯವಾದ ಉತ್ತರ ದೊರೆಯದಿದ್ದರೆ 502, ಗೊತ್ತಾದ ಅವಧಿಯೊಳಗೆ ಬಾರದಿದ್ದರೆ 504 ಎಂಬ ಸಂಕೇತವುಂಟು.

ಯಂತ್ರವೆಂದ ಮೇಲೆ ದೋಷ ಸಹಜವೇ. ನಮ್ಮ ಆಕ್ಷೇಪಣೆಯಿರುವುದು ದೋಷವನ್ನು ಬರೆದಿಡದ ರೂಢಿಯ ವಿಷಯದಲ್ಲಿ.

ಫಲಿತಾಂಶದ ದಿನ ಒಂದು ನಿಮಿಷ ಕಾದರೂ ಪುಟ ತೆರೆಯಲಿಲ್ಲವೆಂದು ನಮ್ಮ ವಿದ್ಯಾರ್ಥಿಗಳು ದೂರಿದರು. ತಾಣದ ನಿರ್ವಾಹಕರು ದಾಖಲೆಯನ್ನು ತೋರಿಸಿ, ಎಲ್ಲವೂ 200, ಅಂದರೆ ಸಫಲ. ಕೊರತೆ ಹುಡುಗರ ಮೊಬೈಲಿನದೇ ಎಂದರು. ಇಬ್ಬರೂ ಸುಳ್ಳಾಡಿರಲಿಲ್ಲ. ಹಿಂದಿದ್ದ ಎರಡು ಯಂತ್ರಗಳಲ್ಲಿ ಒಂದು ಮೂಕವಾಗಿತ್ತು. ಬೇರೆ ಆದೇಶವಿಲ್ಲದಿದ್ದಲ್ಲಿ ಎಂಜಿನ್‌ಎಕ್ಸ್ 60 ಸೆಕೆಂಡು ಕಾದು, ಬಳಿಕ ಎರಡನೆಯದರಿಂದ ಉತ್ತರ ಪಡೆಯುತ್ತದೆ. ವಾಡಿಕೆಯ ದಾಖಲೆಯಲ್ಲಿ ಕೊನೆಯ 200 ಮಾತ್ರ ಉಳಿಯುತ್ತದೆ; ಹಿಡಿದ ಕಾಲವೂ ಅಲ್ಲಿಲ್ಲ! ಅಪ್‌ಸ್ಟ್ರೀಮಿನ ವಿಳಾಸ, ಸಂಕೇತ, ಕಾಲ ಇವುಗಳ ಚರಗಳನ್ನು ದಾಖಲೆಯ ನಮೂನೆಗೆ ಸೇರಿಸಿದೊಡನೆ ‘504, 200’ ಎಂದೂ, ಪಕ್ಕದಲ್ಲಿ ‘60.001, 0.042’ ಎಂದೂ ಕಂಡಿತು. ಅಲ್ಪವಿರಾಮದ ಎಡಕ್ಕಿರುವುದು ಸೋತ ಯತ್ನ, ಬಲಕ್ಕಿರುವುದು ಗೆದ್ದುದು. ಒಪ್ಪದ ಅಳತೆಗಳನ್ನು ಅಳಿಸಿ ಕೊನೆಯದೊಂದನ್ನೇ ಬರೆದು ತರುವ ವಿದ್ಯಾರ್ಥಿಗೆ ಪ್ರಯೋಗಶಾಲೆಯಲ್ಲಿ ನಾವು ಅಂಕ ಕೊಡುವುದಿಲ್ಲ. ಸರ್ವರಿಗೇಕೆ ಈ ರಿಯಾಯಿತಿ?

502 ಬಂದಾಗ ‘ದಯವಿಟ್ಟು ನಿರೀಕ್ಷಿಸಿ’ ಎಂಬ ಪುಟವನ್ನು ತೋರಿಸುವುದು ಸೌಜನ್ಯವೇ ಸರಿ. ಆದರೆ ಅದಕ್ಕೆ 200 ಎಂಬ ಮುದ್ರೆಯೊತ್ತುವವರೂ ಇದ್ದಾರೆ. ಹಾಗೆ ಮಾಡಿದಲ್ಲಿ, ಸಂಕೇತವನ್ನಷ್ಟೇ ನೋಡುವ ಕಾವಲು ತಂತ್ರಾಂಶವೂ ಮೋಸಹೋಗುತ್ತದೆ. ಸಂಕೇತವು 502 ಆಗಿಯೇ ಇರತಕ್ಕದ್ದು.

ಶುಲ್ಕ ಪಾವತಿಯ ಮಾತಂತೂ ಇನ್ನೂ ಸೂಕ್ಷ್ಮ. ಹಣ ಕಟ್ಟಿಸಿಕೊಂಡ ಯಂತ್ರವು ಉತ್ತರ ಕೊಡುವ ಮೊದಲೇ ಕೆಟ್ಟರೆ, ಅದೇ ಕೋರಿಕೆಯನ್ನು ಮತ್ತೊಂದಕ್ಕೆ ಒಪ್ಪಿಸುವುದರಿಂದ ಎರಡು ಸಲ ಹಣ ಕಡಿತವಾದೀತು. ಆದುದರಿಂದಲೇ 2016ರ 1.9.13ನೆಯ ಆವೃತ್ತಿಯಿಂದೀಚೆಗೆ, ಒಮ್ಮೆ ಕಳುಹಿಸಿಯಾದ ‘ಪೋಸ್ಟ್’ ಕೋರಿಕೆಯನ್ನು ಎಂಜಿನ್‌ಎಕ್ಸ್ ತಾನಾಗಿ ಇನ್ನೊಂದು ಯಂತ್ರಕ್ಕೆ ದಾಟಿಸುವುದಿಲ್ಲ. ದೋಷದ ಪುಟ ಕಾಣಬಾರದೆಂಬ ಆತುರದಿಂದ ಈ ನಿರ್ಬಂಧವನ್ನು ಸಡಿಲಿಸುವವರು, ಆ ಹಣವನ್ನು ಹಿಂದಿರುಗಿಸುವ ಏರ್ಪಾಡನ್ನೂ ಮೊದಲೇ ಮಾಡಿಟ್ಟಿರಬೇಕಾಗುತ್ತದೆ.