ರಾಜೌರಿಯ ದಾರಿ ತೆರೆದವರು

ರಣರಂಗದ ಶೌರ್ಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಶತ್ರುವಿನ ಮೇಲೆ ನುಗ್ಗುವ ಯೋಧ. ಅವನಿಗೆ ಸಲ್ಲುವ ಗೌರವ ಸಲ್ಲಲೇಬೇಕು. ಆದರೆ ಕಿರಿಯ ಅಧಿಕಾರಿಯೊಬ್ಬನ ನಾಯಕತ್ವವನ್ನು ಅಳೆಯಲು ಆ ಒಂದು ಕ್ಷಣ ಸಾಲದು. ಗುಂಡು ಹಾರುತ್ತಿರುವಾಗ ಎಷ್ಟು ಹೊತ್ತು ಬುದ್ಧಿ ಕದಡದೆ ತನ್ನ ಕಸುಬು ಮಾಡಬಲ್ಲ, ಜೊತೆಯವರಿಂದ ಮಾಡಿಸಬಲ್ಲ ಎಂಬುದನ್ನೂ ನೋಡಬೇಕು. ಕಾರವಾರದ ಬಳಿಯ ಚೆಂಡಿಯಾ ಮೂಲದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ ಅವರಿಗೆ ಪರಮವೀರ ಚಕ್ರ ಬಂದದ್ದು ಇಂಥ ಕೆಲಸಕ್ಕೇ.

ಕಾಶ್ಮೀರದ ಯುದ್ಧದಲ್ಲಿ, 1948ರ ಏಪ್ರಿಲ್ 8ರಂದು ನೌಶೇರಾದಿಂದ ರಾಜೌರಿಯತ್ತ ಹೊರಟ ಡೋಗ್ರಾ ಪಡೆಯ ಜೊತೆ, ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನ ಒಂದು ತುಕಡಿಗೆ ರಾಣೆ ಮುಖ್ಯಸ್ಥರಾಗಿದ್ದರು. ನೆಲಬಾಂಬ್ ತೆಗೆಯಲು ಅಣಿಯಾಗುತ್ತಿದ್ದಂತೆಯೇ ಮಾರ್ಟರ್ ದಾಳಿಯಾಯಿತು. ಇಬ್ಬರು ಸತ್ತರು, ರಾಣೆ ಸೇರಿ ಐವರು ಗಾಯಗೊಂಡರು. ರಾಣೆ ಉಳಿದವರನ್ನು ಒಟ್ಟುಗೂಡಿಸಿ ಕೆಲಸ ಶುರುಮಾಡಿಸಿದರು. ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಟ್ಯಾಂಕುಗಳಿಗಾಗಿ ಬಳಸುದಾರಿ ಮಾಡಿದರು. ಮುಂದೆ ಪೈನ್ ಮರಗಳನ್ನು ಕಡಿದು ಹಾಕಿದ ಅಡ್ಡಗಟ್ಟೆ. ಅದನ್ನು ಸಿಡಿಸಿ ತೆಗೆದರೆ ಇನ್ನೊಂದು. ಅದರಾಚೆ ಒಡೆದ ಮೋರಿ, ಮೇಲಿನಿಂದ ಮೆಷಿನ್‌ಗನ್ ಗುಂಡು. ಹತ್ತರಂದು ನಸುಕಿನಲ್ಲೇ ಮತ್ತೆ ಅದೇ ಕೆಲಸ. ಅಂದು ಟ್ಯಾಂಕುಗಳು ಚಿಂಗಸ್ ತಲುಪಿದವು. ಅಲ್ಲಿಗೆ ರಾಣೆ ನಿಲ್ಲಿಸಬಹುದಿತ್ತು. ಆದರೆ ಟ್ಯಾಂಕುಗಳು ನದಿಪಾತ್ರ ಹಿಡಿದು ಹೋಗಿದ್ದವು. ಹಿಂದಿನಿಂದ ಬರುವ ಸಾಮಗ್ರಿಯ ವಾಹನಗಳಿಗೆ ರಸ್ತೆಯೇ ಬೇಕಿತ್ತು. ಹಾಗಾಗಿ ರಾತ್ರಿಯವರೆಗೆ, ಮತ್ತೆ ಹನ್ನೊಂದರಂದು ಇಡೀ ದಿನ ದುಡಿದರು. ಹನ್ನೆರಡರಂದು ರಾಜೌರಿ ಭಾರತೀಯ ಸೇನೆಯ ವಶವಾಯಿತು. ರಾಣೆ ಟ್ಯಾಂಕಿನಡಿ ತೆವಳಿ, ಹಗ್ಗದ ಸನ್ನೆಯಿಂದ ಅದನ್ನು ನೆಲಬಾಂಬ್‌ಗಳ ನಡುವೆ ನಡೆಸಿದ ಪ್ರಸಂಗವನ್ನೇ ಜನ ಹೆಚ್ಚು ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗಾಯದ ಮೈಯಲ್ಲಿ ಪ್ರತಿ ಬೆಳಿಗ್ಗೆ ಮತ್ತೆ ರಸ್ತೆಗಿಳಿದದ್ದು.

ದಾರಿಯ ಗುಡ್ಡಗಳನ್ನು ಗೆದ್ದವರು ಕಾಲಾಳುಗಳು, ಇವರು ದಾರಿ ಸರಿಮಾಡಿದವರು ಮಾತ್ರ ಎಂದು ಯಾರಾದರೂ ಹೇಳಬಹುದು. ಆ ಬೆಟ್ಟಗಳಲ್ಲಿ ಕಾಲಾಳುಗಳ ಹಿಂದೆ ಟ್ಯಾಂಕೂ ಸಾಮಗ್ರಿಯೂ ಬರದಿದ್ದರೆ ಗೆದ್ದ ಗುಡ್ಡವನ್ನು ಉಳಿಸಿಕೊಳ್ಳುವುದೇ ಕಷ್ಟವಿತ್ತು. ರಾಜೌರಿಯಲ್ಲಿ ನಾಗರಿಕರ ಕಗ್ಗೊಲೆ ನಡೆದಿತ್ತು. ತಡವಾದ ಪ್ರತಿ ಗಂಟೆಗೂ ಜೀವಗಳ ಬೆಲೆಯಿತ್ತು. ತಿರುಗಿ ಗುಂಡು ಹಾರಿಸುವ ಸಮಾಧಾನವೂ ನೆಲಬಾಂಬ್ ತೆಗೆಯುವವನಿಗಿಲ್ಲ, ಕೈ ನಡುಗದಂತೆ ನೋಡಿಕೊಳ್ಳುವುದಷ್ಟೇ ಅವನಿಗಿರುವ ರಕ್ಷಣೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಧಿಕಾರಿ ಸತ್ತರೆ ತುಕಡಿಯೇ ದಿಕ್ಕೆಡುತ್ತದೆ, ಅವನು ಹಿಂದೆ ನಿಂತು ಆಜ್ಞೆ ಕೊಡುವುದೇ ವಿವೇಕವಲ್ಲವೇ? ದೊಡ್ಡ ಪಡೆಯ ಸೇನಾಪತಿಗೆ ಈ ಮಾತು ಒಪ್ಪುತ್ತದೆ. ಬೆರಳೆಣಿಕೆಯ ಸ್ಯಾಪರ್‌ಗಳ ತುಕಡಿಗೆ ಒಪ್ಪುವುದಿಲ್ಲ. ಎದುರಿನ ಅಡ್ಡಗಟ್ಟೆಯನ್ನು ಸಿಡಿಸಬೇಕೋ ಸುತ್ತಿಹೋಗಬೇಕೋ ಎಂಬುದು ಅದರ ಪಕ್ಕದಲ್ಲಿ ನಿಂತವನಿಗಷ್ಟೇ ತಿಳಿಯುತ್ತದೆ. ಇಬ್ಬರು ಗೆಳೆಯರನ್ನು ಕಳೆದುಕೊಂಡವರನ್ನು ಅದೇ ನೆಲಕ್ಕೆ ಮತ್ತೆ ಇಳಿಸಲು ಹೆಗಲ ಮೇಲಿನ ನಕ್ಷತ್ರವೊಂದೇ ಸಾಕಾಗದು. ರಾಣೆ 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ, ಬರ್ಮಾದ ಯುದ್ಧ ಕಂಡು, 1947ರ ಕೊನೆಗೆ ಅಧಿಕಾರಿಯಾದವರು. ಆ ಸ್ಯಾಪರ್‌ಗಳಿಗೆ ಹೇಳಿದ ಕೆಲಸವನ್ನು ಅವರು ವರ್ಷಗಟ್ಟಲೆ ತಮ್ಮ ಕೈಯಿಂದಲೇ ಮಾಡಿದ್ದರು.