ಅಳತೆ ಹೋಯಿತು, ಮಾತೂ ಹೋಗಬೇಕೆ?

ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ೧೯೫೬ನೆಯ ನವೆಂಬರ್ ೧ರಂದು ಬಹುಮಟ್ಟಿಗೆ ಒಂದಾಯಿತು. ಅದಾಗಿ ಸರಿಯಾಗಿ ಐದು ತಿಂಗಳಿಗೆ, ೧೯೫೭ನೆಯ ಏಪ್ರಿಲ್ ೧ರಂದು, ದೇಶದಾದ್ಯಂತ ಆಣೆಯ ಲೆಕ್ಕ ನಿಂತು ರೂಪಾಯಿಗೆ ನೂರು ನಯಾಪೈಸೆಯ ಲೆಕ್ಕ ಜಾರಿಗೆ ಬಂದಿತು. ಮೊದಲನೆಯ ದಿನವನ್ನು ನಾವು ವರ್ಷವರ್ಷವೂ ಬಾವುಟವೇರಿಸಿ ಕೊಂಡಾಡುತ್ತೇವೆ. ಎರಡನೆಯದನ್ನು ನೆನೆಯುವವರಿಲ್ಲ, ನೆನೆಯಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ನಾಡು ಒಂದಾದ ಆ ಕಾಲದಲ್ಲಿಯೇ ನಾಡಿನ ಸಂತೆಬೀದಿಯಿಂದ ಒಂದು ದೊಡ್ಡ ಮಾತಿನ ಸಂಸಾರವು ಸದ್ದಿಲ್ಲದೆ ಎದ್ದು ಹೋಯಿತೆಂಬುದನ್ನು ವಾಚಕ ಮಹಾಶಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೈಸೂರು ಸೀಮೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ರೂಪಾಯಿಗೆ ಹದಿನಾರಾಣೆ, ಆಣೆಗೆ ಮೂರು ದುಡ್ಡು, ದುಡ್ಡಿಗೆ ನಾಲ್ಕು ಕಾಸು. ಒಟ್ಟು ರೂಪಾಯಿಗೆ ೧೯೨ ಕಾಸು. ಇಂದಿನ ಹುಡುಗನಿಗೆ ದುಡ್ಡೆಂದರೆ ಧನ, ಹಣವೆಂದರೂ ಧನ. ಇವೆರಡೂ ಒಂದೊಂದು ನಾಣ್ಯದ ಹೆಸರು, ಒಂದು ತಾಮ್ರದ್ದು, ಇನ್ನೊಂದು ಚಿನ್ನದ್ದು, ಎಂದರೆ ಅವನು ಬೆರಗಾಗುತ್ತಾನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷಿನಲ್ಲಿ ‘ಕ್ಯಾಷ್’ ಎಂದೂ ಅಚ್ಚಾಗಿರುವುದನ್ನು ಕಂಡವರಿಗೆ, ಕೊಟ್ಟವರಾರು ಪಡೆದವರಾರು ಎಂಬುದು ತಿಳಿಯದೆ ಇರದು. ಆಣೆ ಹೋದರೂ ಅದರ ಹೆಸರು ಕೆಲವು ಕಾಲ ಹಟ ಹಿಡಿದು ನಿಂತಿತು: ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆಯೆಂದೂ ಐವತ್ತನ್ನು ಎಂಟಾಣೆಯೆಂದೂ ಜನ ಕರೆದರು. ೨೦೧೧ನೆಯ ಜೂನ್ ೩೦ರ ತರುವಾಯ ಇಪ್ಪತ್ತೈದು ಪೈಸೆಯ ನಾಣ್ಯವೂ ಚಲಾವಣೆಯಿಂದ ಹೋಯಿತು. ಹೀಗೆ ನಾಲ್ಕಾಣೆಗೆ ಎರಡು ಸಾರಿ ಮರಣ.

ತೂಕ ಅಳತೆಗಳ ಕಥೆಯೂ ಇದೇ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು; ನಡುವೆ ಅಚ್ಚೇರು, ಅರೆಪಾವು; ಮೇಲೆ ಬಳ್ಳ, ಕೊಳಗ, ಇಪ್ಪತ್ತು ಕೊಳಗಕ್ಕೊಂದು ಖಂಡುಗ. ಹದಿನಾರರ ಈ ಲೆಕ್ಕವು ಮೂಢರ ಲೆಕ್ಕವೆಂದು ಶಾಲೆಯಲ್ಲಿ ಹೇಳುವವರುಂಟು. ಹಾಗಲ್ಲ. ಕಣದಲ್ಲಿ ಕುಳಿತ ಒಕ್ಕಲಿಗನು ಒಂದು ರಾಶಿಯನ್ನು ಕಣ್ಣಳತೆಯಲ್ಲೇ ಎರಡು ಪಾಲು ಮಾಡಬಲ್ಲ, ಅದನ್ನು ಮತ್ತೆ ಎರಡು ಮಾಡಬಲ್ಲ. ತಕ್ಕಡಿಯಿಲ್ಲದೆ ಹತ್ತು ಸಮಪಾಲು ಮಾಡಲಾರ. ಕಾಲು, ಅರೆ, ಮುಕ್ಕಾಲು, ವೀಸವೆಂಬ ಭಾಗಗಳು ಕೈಯ ಕೆಲಸದಿಂದ ಹುಟ್ಟಿದ ಗಣಿತ. ಕಣದಲ್ಲಿ ಧಾನ್ಯ ಅಳೆಯುವಾಗ ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು. ಎಣಿಕೆಯೇ ಹಾರೈಕೆಯಾದ ಈ ಪದ್ಧತಿಯನ್ನು ನಮ್ಮ ಎಷ್ಟು ಮಂದಿ ಉಪಾಧ್ಯಾಯರು ಮಕ್ಕಳಿಗೆ ಹೇಳಿದ್ದಾರೆ?

ಇಷ್ಟು ಹೇಳಿದ ಮಾತ್ರಕ್ಕೆ ನಾವು ಸೇರು ಪಾವುಗಳನ್ನು ಮರಳಿ ತರಬೇಕೆನ್ನುವ ಪಕ್ಷದವರೆಂದು ಯಾರೂ ಭಾವಿಸಕೂಡದು. ೧೯೫೮ರಿಂದ ೧೯೬೨ರ ವೇಳೆಗೆ ಹಂತಹಂತವಾಗಿ ಬಂದ ಕಿಲೋಗ್ರಾಂ ಲೀಟರುಗಳ ಸುಧಾರಣೆಯು ನ್ಯಾಯವಾದದ್ದು, ಅವಶ್ಯವಾದದ್ದು. ೨೪ ತೊಲದ ಕಚ್ಚಾ ಸೇರು ಒಂದು, ೮೦ ತೊಲದ ಪಕ್ಕಾ ಸೇರು ಇನ್ನೊಂದು. ಕೊಳಗವಂತೂ ಸೀಮೆಗೊಂದು ಬಗೆ. ಗುತ್ತಿಗೆಯ ಧಾನ್ಯ ಅಳೆದುಕೊಳ್ಳುವುದಕ್ಕೆ ದೊಡ್ಡ ಕೊಳಗ, ಸಾಲದ ಧಾನ್ಯ ಅಳೆದುಕೊಡುವುದಕ್ಕೆ ಚಿಕ್ಕ ಕೊಳಗ ಇಟ್ಟುಕೊಂಡ ಧಣಿಗಳ ಕಥೆ ಯಾವ ಹಳ್ಳಿಗೆ ಹೊಸದು? ಒಂದೇ ನುಡಿಯ ಜನವಾದ ನಮಗೆ ಒಂದೇ ನಾಣ್ಯವೂ ಇರಲಿಲ್ಲ. ರಾಯಚೂರು, ಕಲಬುರಗಿ, ಬೀದರಗಳಲ್ಲಿ ನಿಜಾಮರ ಹಾಲಿಸಿಕ್ಕ ರೂಪಾಯಿ ನಡೆಯುತ್ತಿತ್ತು. ಅದರ ಏಳಕ್ಕೆ ನಮ್ಮ ಆರು ಸಮ. ಇಂಥ ಗೋಜನ್ನು ಹಾಡಿ ಹೊಗಳುವುದು ಹಳೆಯದರ ಮೇಲಿನ ವ್ಯಾಮೋಹವಲ್ಲದೆ ಮತ್ತೇನೂ ಅಲ್ಲ.

ಹಾಗಾದರೆ ನಮ್ಮ ದೂರು ಯಾವುದರ ಮೇಲೆ? ಕಾನೂನು ರದ್ದುಮಾಡಿದ್ದು ಅಳತೆಯನ್ನು. ಮಾತನ್ನು ಯಾವ ಕಾನೂನೂ ರದ್ದುಮಾಡಲಿಲ್ಲ. ‘ಕೊಸರು’ ಎಂಬ ಮಾತನ್ನು ನೋಡಿ. ಅಳೆದು ಮುಗಿದ ಮೇಲೆ ಮಾರುವವನು ತಾನಾಗಿ ಹಾಕುವ ಒಂದು ಹಿಡಿ, ಎಣಿಸಿದ ಮೇಲೆ ಸೇರಿಸುವ ಒಂದು ಕಾಯಿ: ಅದು ಕೊಸರು. ಕೊಳ್ಳುವವನು ಕೇಳಿ ಪಡೆಯುವನು, ಕೊಡುವವನು ಗೊಣಗುತ್ತ ಕೊಡುವನು, ಇಬ್ಬರೂ ಮುಂದಿನ ಸಂತೆಗೆ ಮತ್ತೆ ಸೇರುವರು. ಅಳತೆ ಸರಿಯಾಗಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಅದೊಂದು ಪರಿಹಾರವೂ ಆಗಿತ್ತು. ‘ಕಾಸಿಗೊಂದು ಕೊಸರಿಗೆರಡು’ ಎಂದು ಹಿರಿಯರು ಹಂಗಿಸುತ್ತಿದ್ದುದು ಈ ಪದ್ಧತಿಯ ಮೇಲಿನಿಂದಲೇ. ಇಂದು ಅಂಗಡಿಯ ಸರಕು ಕಾರ್ಖಾನೆಯಲ್ಲೇ ತೂಗಿ, ಅಂಟು ಹಾಕಿ, ಬೆಲೆ ಅಚ್ಚೊತ್ತಿಸಿಕೊಂಡು ಬರುತ್ತದೆ. ಆ ಪೊಟ್ಟಣಕ್ಕೆ ಕೊಸರು ಹಾಕುವ ಕೈ ಯಾವುದು? ಒಂದು ಕೊಂಡರೆ ಒಂದು ‘ಫ್ರೀ’ ಎಂದು ಗೋಡೆಗೆ ಬರೆದದ್ದು ಕೊಸರಲ್ಲ. ಅದು ವ್ಯಾಪಾರದ ಉಪಾಯ. ಕೊಸರನ್ನು ಕೇಳಬೇಕು, ಕೇಳುವುದಕ್ಕೆ ಎದುರಿಗೊಬ್ಬ ಮನುಷ್ಯ ನಿಂತಿರಬೇಕು.

ಅದು ಇನ್ನೂ ಪೂರ್ತಿ ಸತ್ತಿಲ್ಲವೆಂಬುದಕ್ಕೆ ನಮ್ಮ ಬಸವನಗುಡಿಯೇ ಸಾಕ್ಷಿ. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನೆರೆಯುವ ಕಡಲೆಕಾಯಿ ಪರಿಷೆಗೆ ಕೋಲಾರ, ಚಿಂತಾಮಣಿ, ಮಾಗಡಿ ಕಡೆಗಳಿಂದ ಬರುವ ಮಾರಾಟಗಾರರು ಇಂದಿಗೂ ಸೇರಿನಲ್ಲಿಯೇ ಕಾಯಿ ಅಳೆಯುತ್ತಾರೆ. ಅಳೆದ ಮೇಲೆ ಒಂದು ಹಿಡಿ ಹಾಕದ ಅಂಗಡಿಯ ಮುಂದೆ ಮುದುಕಿಯರು ಕದಲುವುದಿಲ್ಲ. ಗಾಂಧಿಬಜಾರಿನ ಹೂವಾಡಗಿತ್ತಿಯು ಮಲ್ಲಿಗೆಯನ್ನು ತನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು ಮೊಳವೆನ್ನುತ್ತಾಳೆ. ಎತ್ತರದವಳ ಮೊಳ ದೊಡ್ಡದು, ಆದುದರಿಂದಲೇ ಅವಳಿಗೆ ಗಿರಾಕಿ ಹೆಚ್ಚು. ಮನೆಯ ನಿವೇಶನವನ್ನಂತೂ ವಕೀಲರು, ಎಂಜಿನಿಯರು, ದಲ್ಲಾಳಿಗಳೆಲ್ಲ ಇನ್ನೂ ಅಡಿಯಲ್ಲೇ ಹೇಳುತ್ತಾರೆ. ಇದು ಇಂಗ್ಲಿಷರ ಅಳತೆ. ಅವರು ಹೋಗಿ ಮುಕ್ಕಾಲು ಶತಮಾನ ಕಳೆದರೂ ನಾವು ಬಿಟ್ಟಿಲ್ಲ. ಅಡಿಗೆ ಇಷ್ಟು ನಿಷ್ಠೆಯಿದ್ದವರು ಖಂಡುಗಕ್ಕೆ ಏಕೆ ಇಲ್ಲದೆ ಹೋದೆವೋ!

ಈ ಪ್ರಶ್ನೆಯನ್ನು ವಿನೋದಕ್ಕೆ ಕೇಳಿದ್ದಲ್ಲ. ನ್ಯಾಯಸ್ಥಾನಗಳಲ್ಲಿ ಹಳೆಯ ದಸ್ತಾವೇಜುಗಳು ಬಿಚ್ಚಿಕೊಳ್ಳುವುದನ್ನು ನಾವು ಕಾಣುತ್ತಿರುತ್ತೇವೆ. ‘ಎರಡು ಖಂಡುಗ ಬೀಜವರಿ ಗದ್ದೆ’ ಎಂದು ಅಜ್ಜ ಬರೆಯಿಸಿದ್ದಾನೆ. ಅಂದರೆ ಅಷ್ಟು ಬೀಜ ಹಿಡಿಯುವ ಭೂಮಿ. ನೆಲವನ್ನು ನೂಲಿನಿಂದಲ್ಲ, ಬಿತ್ತನೆಯಿಂದ ಅಳೆದ ಲೆಕ್ಕ. ಆ ಊರಿನ ಕೊಳಗಕ್ಕೆ ಎಷ್ಟು ಸೇರೆಂಬುದು ತಿಳಿಯದಿದ್ದರೆ ಖಂಡುಗವೂ ತಿಳಿಯದು, ಭೂಮಿಯೂ ತಿಳಿಯದು. ಮೊಮ್ಮಗನಿಗೆ ಬೀಜವರಿ ಗೊತ್ತಿಲ್ಲ. ತರಿ, ಖುಷ್ಕಿ, ಬಾಗಾಯ್ತುಗಳ ಭೇದ ಗೊತ್ತಿಲ್ಲ. ಚಕ್ಕುಬಂದಿ ಎಂಬುದು ಊಟದ ತಿಂಡಿಯೋ ಎಂದು ಕೇಳಿದರೂ ಆಶ್ಚರ್ಯವಿಲ್ಲ. ತನ್ನ ಅಜ್ಜನ ಕನ್ನಡವನ್ನು ತನಗೆ ಕನ್ನಡದಲ್ಲಿಯೇ ವಿವರಿಸಿಕೊಡಲು ಅವನು ಮತ್ತೊಬ್ಬನಿಗೆ ಶುಲ್ಕ ತೆರಬೇಕಾಗಿದೆ. ಮಾತು ಮರೆತದ್ದಕ್ಕೆ ಇದಕ್ಕಿಂತ ನಗದಾದ ದಂಡ ಬೇಕೆ?

ಕಿಟ್ಟೆಲ್ ಪಂಡಿತರ ನಿಘಂಟು ೧೮೯೪ರಲ್ಲಿ ಹೊರಬಂದಿತು. ನಮ್ಮ ನೆರೆಯ ಚಾಮರಾಜಪೇಟೆಯಲ್ಲಿರುವ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಾಗಿ ೧೯೯೫ರಲ್ಲಿ ಪೂರ್ಣವಾಯಿತು. ಇವು ಮಹಾಕಾರ್ಯಗಳು; ಇವನ್ನು ಕುಂದಿಸಿ ಮಾತನಾಡುವ ನಾಲಿಗೆ ನಮ್ಮದಲ್ಲ. ಆದರೆ ಶಾಸನಕ್ಕೂ ಕಾವ್ಯಕ್ಕೂ ಏರದೆ ಸಂತೆಯಲ್ಲಿಯೇ ಹುಟ್ಟಿ ಸಂತೆಯಲ್ಲಿಯೇ ಸವೆದ ಮಾತು ಅಲ್ಲಿಗೆ ಹೋಗಿ ಸೇರುವುದು ಕಷ್ಟ. ಕರಾವಳಿಯವರು ಅಕ್ಕಿಯನ್ನು ಒಣಹುಲ್ಲಿನಲ್ಲಿ ಉಂಡೆಯಾಗಿ ಬಿಗಿದು ಮುಡಿಯೆಂದರು. ಅದು ಅಳತೆಯೂ ಹೌದು, ಕಣಜವೂ ಹೌದು. ಬಡಗಣದವರ ಗಿದ್ನ, ಉತ್ತರ ಕನ್ನಡದವರ ಸಿದ್ದೆ, ಕೊಡಗಿನವರ ಬಟ್ಟಿ ಇವುಗಳನ್ನು ಬೆಂಗಳೂರಿನ ಪಾಠಪುಸ್ತಕ ಎಂದಾದರೂ ಕಂಡಿದೆಯೆ? ನಾಡು ಒಂದಾದರೆ ಧಾರವಾಡದ ಮಾತು ಮೈಸೂರಿಗೂ ಮಂಗಳೂರಿನ ಮಾತು ಬಳ್ಳಾರಿಗೂ ಸಲ್ಲುವುದೆಂದು ಏಕೀಕರಣದ ಕಾಲದಲ್ಲಿ ಆಶಿಸಿದ್ದುಂಟು. ಗಡಿಗಳು ಅಳಿದವು, ಮಾತುಗಳು ತಂತಮ್ಮ ಊರಿನಲ್ಲೇ ಮುದುಕಾದವು. ೧೯೫೬ರಲ್ಲಿ ಹೊರಗೇ ಉಳಿದ ಕಾಸರಗೋಡು, ಅಕ್ಕಲಕೋಟೆ, ಆದವಾನಿ, ಮಡಕಶಿರೆಗಳ ಕನ್ನಡಿಗರ ಸಂತೆಮಾತಿಗೆ ಕಿವಿಗೊಡುವವರೂ ಇಲ್ಲ.

ಕಾಲಾವಕಾಶ ಹೆಚ್ಚಿಲ್ಲ. ಆಣೆ ನಿಂತ ವರ್ಷ ಹದಿನೈದು ವಯಸ್ಸಿನವರಾಗಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಪಾವಿನಲ್ಲಿ ಎಣ್ಣೆ ತಂದ ಕೈ, ಕೊಳಗ ಹಿಡಿದು ‘ಲಾಭ’ ಎಂದ ಬಾಯಿ ಇನ್ನು ಕೆಲವೇ ವರ್ಷ ನಮ್ಮೊಡನಿರುತ್ತವೆ. ಇದಕ್ಕೆ ಸರ್ಕಾರದ ಅನುದಾನ ಬೇಡ, ಸಮಿತಿ ಬೇಡ, ಉದ್ಘಾಟನೆಯ ಭಾಷಣ ಖಂಡಿತ ಬೇಡ. ಶಾಲೆಯ ಉಪಾಧ್ಯಾಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ: ಬರುವ ಬೇಸಗೆಯ ರಜದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಬೀದಿಯ ಹಿರಿಯರೊಬ್ಬರ ಬಳಿ ಕುಳಿತು ಹತ್ತು ಮಾತುಗಳನ್ನು ಬರೆದುಕೊಂಡು ಬರಲಿ. ಅಳತೆಯಾದರೆ ಅದರಲ್ಲಿ ಏನನ್ನು ಅಳೆಯುತ್ತಿದ್ದರು, ಎಷ್ಟಕ್ಕೆ ಎಷ್ಟು, ಯಾವ ಮರದಿಂದ ಅಥವಾ ಲೋಹದಿಂದ ಮಾಡಿದ್ದು. ಆಡುಮಾತಾದರೆ ಯಾವ ಸಂದರ್ಭದಲ್ಲಿ ಯಾರು ಯಾರಿಗೆ ಹೇಳುತ್ತಿದ್ದರು. ಜೊತೆಗೆ ಊರು, ತಾಲ್ಲೂಕು, ಹೇಳಿದವರ ವಯಸ್ಸು. ಹಿರಿಯರು ಹೇಳಿದಂತೆಯೇ ಬರೆಯಬೇಕು, ಗ್ರಂಥಭಾಷೆಗೆ ತಿದ್ದಕೂಡದು. ಗಡಿಯಾಚೆಯ ಶಾಲೆಗಳವರು ಕಳುಹಿಸಿದ ಪಟ್ಟಿಗಳಿಗೆ ನಮ್ಮ ಪತ್ರಿಕೆಯಲ್ಲಿ ಮೊದಲ ಸ್ಥಾನ. ಉಳಿದವನ್ನು ತಾಲ್ಲೂಕುವಾರಾಗಿ, ವಾರಕ್ಕೊಂದು ಅಂಕಣದಂತೆ, ಕಾರ್ತಿಕದ ಪರಿಷೆಯ ವಾರದಿಂದ ಅಚ್ಚುಮಾಡುತ್ತ ಹೋಗುವೆವು.