ಪರದೇಶಿ ರೋಗಿಯ ಸಮ್ಮತಿ

ಯುದ್ಧಪೀಡಿತ ಅರಬ್ ನಾಡುಗಳಿಂದ ಹೈದರಾಬಾದಿನ ಮಾದಾಪುರದ ಆಸ್ಪತ್ರೆಗಳಿಗೆ ಬರುವವರನ್ನು ಆರೋಗ್ಯಸಂಶೋಧನೆಗೆ ಒಳಪಡಿಸುವುದು ಯುಕ್ತವೇ?

ಪರ

ಯೆಮನಿನಲ್ಲಿ 2016ರ ಅಕ್ಟೋಬರಿನಲ್ಲಿ ತಲೆದೋರಿದ ಕಾಲರಾ ಮರುವರ್ಷದ ಕೊನೆಯ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕ ಶಂಕಿತ ರೋಗಿಗಳನ್ನೂ ಎರಡು ಸಾವಿರಕ್ಕೂ ಮೀರಿದ ಮರಣಗಳನ್ನೂ ಕಂಡಿತೆಂಬುದನ್ನು ಲೋಕವು ಅರಿತದ್ದು, ತಿಂಗಳುಗಟ್ಟಲೆ ಸಂಬಳವಿಲ್ಲದೆಯೂ ಲೆಕ್ಕವಿಟ್ಟ ಆ ನಾಡಿನ ಆರೋಗ್ಯ ಕಾರ್ಯಕರ್ತರಿಂದಲ್ಲವೆ? ಆ ಲೆಕ್ಕವಿಲ್ಲದಿದ್ದರೆ, ಇಂಧನವಿಲ್ಲದೆ ನಿಂತ ನೀರಿನ ಪಂಪಿಗೂ ಕೂಸಿನ ಸಾವಿಗೂ ಇರುವ ಸಂಬಂಧ ಯಾರ ಗಮನಕ್ಕೂ ಬಾರದು. ಅದೇ ನಾಡಿನ ಸನಾ ವಿಮಾನನಿಲ್ದಾಣವು 2016ರ ಆಗಸ್ಟಿನಿಂದ 2022ರ ಮೇ ತಿಂಗಳವರೆಗೆ ಪ್ರಯಾಣಿಕ ವಿಮಾನಗಳಿಗೆ ಮುಚ್ಚಿದ್ದಾಗ, ಚಿಕಿತ್ಸೆಗೆ ಹೊರಟ ರೋಗಿ ಎಷ್ಟು ತಡೆಗಳನ್ನು ದಾಟಿದನು, ಆ ವಿಳಂಬಕ್ಕೆ ಅವನ ದೇಹವು ಏನನ್ನು ತೆತ್ತಿತು ಎಂಬುದನ್ನು ಅವನಲ್ಲದೆ ಇನ್ನಾರು ಹೇಳಬಲ್ಲರು? ಈ ನಗರವೂ ಆ ಜನಕ್ಕೆ ಪರಕೀಯವಲ್ಲ. ನಿಜಾಮರ ಸೇನೆಗೆಂದು ಯೆಮನಿನ ಹದ್ರಮೌತಿನಿಂದ ಬಂದ ಅರಬರ ಸಂತತಿ ಇಲ್ಲಿಯ ಬಾರ್ಕಸ್ ಬಡಾವಣೆಯಲ್ಲಿ ಇಂದಿಗೂ ನೆಲೆಸಿದೆ.

ವಿರೋಧ

ಹಾಸಿಗೆ ಹಿಡಿದ ಪರದೇಶಿ ತಲೆಯಾಡಿಸಿದುದನ್ನು ಸಮ್ಮತಿಯೆಂದು ಎಣಿಸಲು ನನ್ನ ಮನಸ್ಸು ಒಡಂಬಡದು. ವೀಸಾ ದೊರೆತುದು ಆಸ್ಪತ್ರೆಯ ಪತ್ರದಿಂದ, ಮಾತು ಹೊರಡತಕ್ಕದ್ದು ದುಭಾಷಿಯ ಬಾಯಿಂದ, ಆ ದುಭಾಷಿಗೆ ಸಂಬಳವೂ ಆಸ್ಪತ್ರೆಯದೇ ಆಗಿರುವಲ್ಲಿ, ‘ಒಲ್ಲೆ’ನೆಂದರೆ ಶಸ್ತ್ರಚಿಕಿತ್ಸೆ ಹಿಂದೆ ಬಿದ್ದೀತೆಂಬ ಅಂಜಿಕೆ ಅವನ ನಾಲಗೆಯನ್ನು ಕಟ್ಟದಿರುವುದೆ? ನೆರೆಯ ಸಿಕಂದರಾಬಾದಿನಲ್ಲಿ 1897ರ ಆಗಸ್ಟಿನಲ್ಲಿ ರೊನಾಲ್ಡ್ ರಾಸ್ ಮಲೇರಿಯದ ಗುಟ್ಟನ್ನು ಸೊಳ್ಳೆಯ ಒಡಲಲ್ಲಿ ಕಂಡಾಗ, ಆ ಸೊಳ್ಳೆಗಳಿಗೆ ಮೈಯೊಡ್ಡಿದ ರೋಗಿ ಹುಸೇನ್ ಖಾನನಿಗೆ ಸಂದದ್ದು ಕಡಿತಕ್ಕೊಂದಾಣೆ. ಜ್ಞಾನವು ಲೋಕಕ್ಕೆ ಉಪಕಾರಿಯಾಯಿತೆಂಬುದನ್ನು ಮನಸಾರೆ ಒಪ್ಪುವ ನಾನು, ಆ ಒಂದಾಣೆಯನ್ನು ಮಾತ್ರ ಮರೆಯಲಾರೆ.

ಮಾದಾಪುರವನ್ನು ಮುಟ್ಟಿದವರು ಹೇಗೋ ಹಣ ಹೊಂದಿಸಿದವರು. ಹಾದಿಯಲ್ಲೇ ಉಳಿದವರ ಅಳಲು ಅವರ ಉತ್ತರಗಳಲ್ಲಿ ಸಿಗದು. ಅದಕ್ಕಿಂತ ಘೋರವಾದುದು ಹೆಸರಿನ ವಿಚಾರ. ಇರಾಕಿನಲ್ಲಿ ಯುದ್ಧದಿಂದಾಗಿ ಆರೂವರೆ ಲಕ್ಷದಷ್ಟು ಅಧಿಕ ಮರಣಗಳನ್ನು ಅಂದಾಜಿಸಿದ 2006ರ ಸಮೀಕ್ಷೆಯಲ್ಲಿ, ಅನುಮೋದಿತ ಕ್ರಮವನ್ನು ಮೀರಿ ಮನೆಮಂದಿಯ ಹೆಸರುಗಳನ್ನು ಬರೆದುಕೊಂಡಿದ್ದರೆಂಬುದು 2009ರಲ್ಲಿ ಹೊರಬಿತ್ತು. ಅಂತರ್ಯುದ್ಧದ ನಾಡಿನಲ್ಲಿ ಅಂಥ ಪಟ್ಟಿ ಯಾರ ಕೈಗೆ ಬಿದ್ದೀತೆಂಬುದನ್ನು ನೆನೆದರೆ ಎದೆ ನಡುಗುತ್ತದೆ. ಇಲ್ಲಿ ಹೆಸರನ್ನು ಬಿಟ್ಟರೂ ಊರನ್ನು ಕೇಳದೆ ವಿಧಿಯಿಲ್ಲ. ಊರು ತಿಳಿದರೆ ರೋಗಿ ಯಾರ ಆಳ್ವಿಕೆಯ ಕಡೆಯವನೆಂಬುದೂ ತಿಳಿಯುತ್ತದೆ, ಮತ್ತು ಅವನ ಹೆಂಡತಿ ಮಕ್ಕಳು ಇನ್ನೂ ಆ ಊರಿನಲ್ಲಿಯೇ ಇದ್ದಾರೆ.